ಈ ಹಾದಿ ಹಾಕಿದ್ದು ಯಾರು?

ದೇವನಹಳ್ಳಿ ದಾಟಿ, ಆವತಿಯ ಆಚೆ, ನಂದಿಗೆ ಮುಖ ಮಾಡಿ ನಿಂತ ಗುಡ್ಡಗಳಲ್ಲೊಂದರ ಮೈಮೇಲೆ ಎರಡು ಹಾದಿಗಳಿವೆ. ಒಂದು ನೆತ್ತಿಯಿಂದ ಬುಡಕ್ಕೆ ನೇರ ಇಳಿಯುತ್ತದೆ. ಮೇಲಿನ ಗುಡಿಗೆ ಹೋಗಿ ಬರುವವರು ಅವಸರದಲ್ಲಿ ತುಳಿದು ಮಾಡಿಕೊಂಡದ್ದು. ಇನ್ನೊಂದು ಗುಡ್ಡದ ಪಕ್ಕೆಯನ್ನು ಬಳಸಿಕೊಂಡು, ಏರಿಯೂ ಏರದಂತೆ, ಇಳಿದೂ ಇಳಿಯದಂತೆ ಸುತ್ತಿ ಬರುತ್ತದೆ. ಅದು ದನದ ಹಾದಿ. ನೇರ ಹಾದಿ ಈಗ ಮೊಣಕಾಲುದ್ದದ ಕೊರಕಲು. ಅದರಲ್ಲಿ ಸೈಕಲ್ ಹೊತ್ತುಕೊಂಡೇ ಇಳಿಯಬೇಕು. ದನದ ಹಾದಿಯಲ್ಲಿ ಮುಂಗಾರು ಕಳೆದ ಮೇಲೂ ಚಕ್ರ ಹಾಯಾಗಿ ಉರುಳುತ್ತದೆ. ಮಣ್ಣು ಒಂದೇ, ಬಿದ್ದ ಮಳೆಯೂ ಒಂದೇ.

ಕೊರಕಲು ಬಿದ್ದ ಕಾರಣ ತಿಳಿಯುತ್ತದೆ. ನೀರು ಹುಡುಕುವುದೇ ಅತಿ ಕಡಿದಾದ ದಾರಿಯನ್ನು. ಜನ ಅದನ್ನೇ ತುಳಿದು, ಹುಲ್ಲು ಸವೆಸಿ, ಸಿದ್ಧ ಮಾಡಿಕೊಟ್ಟಿದ್ದಾರೆ. ಮಳೆ ಬಂದೊಡನೆ ನೀರು ಹಾದಿಗಿಳಿದು, ಇಳಿದಂತೆಲ್ಲ ವೇಗ ಕೂಡಿಸಿಕೊಂಡು, ಗರಸನ್ನು ಎತ್ತಿಕೊಂಡು ಹೋಗುತ್ತದೆ. ಪಕ್ಕೆಯ ಹಾದಿಯನ್ನು ನೀರು ಅಡ್ಡ ದಾಟಿ ಹೋಗುತ್ತದೆಯೇ ಹೊರತು ಹಾದಿಗುಂಟ ಹರಿಯುವುದಿಲ್ಲ. ಅಮೆರಿಕದಲ್ಲಿ 1988ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮೌಂಟನ್ ಬೈಕಿಂಗ್ ಸಂಘ ಹಾದಿ ಕಡಿಯುವವರಿಗೆ ಇದನ್ನೇ ಲೆಕ್ಕದಲ್ಲಿ ಹೇಳುತ್ತದೆ: ಹಾದಿಯ ಏರು ಗುಡ್ಡದ ಏರಿನ ಅರ್ಧವನ್ನು ಮೀರಬಾರದು, ಒಟ್ಟಾರೆ ಏರು ನೂರಕ್ಕೆ ಹತ್ತರ ಒಳಗಿರಲಿ, ಹೊರ ಅಂಚು ತುಸು ತಗ್ಗಿರಲಿ, ನಡುನಡುವೆ ಹಾದಿ ಒಮ್ಮೆ ಇಳಿದು ಮತ್ತೆ ಏರಲಿ, ನೀರು ಅಲ್ಲಿಂದ ಹೊರಗೆ ಹೋಗಲಿ.

ನನಗೆ ತಿಳಿಯದಿರುವುದು ಬೇರೆ. ಹಸು ನಡೆಯುವುದು ತನಗೆ ದಣಿವಾಗದಂತೆ. ಅದಕ್ಕೆ ಮಣ್ಣಿನ ಚಿಂತೆಯಿಲ್ಲ. ಆದರೂ ಈ ಪಕ್ಕೆಯ ಹಾದಿ ಸಂಘದ ಲೆಕ್ಕಕ್ಕೆಲ್ಲ ಒಪ್ಪುತ್ತದೆ. ಕಾಲು ದಣಿಯದ ಏರೂ ಮಣ್ಣು ಕೊಚ್ಚಿಹೋಗದ ಏರೂ ಒಂದೇ ಆದದ್ದು ಹೇಗೆ?

ಕುರಿ ಮೇಯಿಸುತ್ತಿದ್ದ ತಾತನನ್ನು ಕೇಳಿದೆ. “ತಾತ, ಈ ದಾರಿ ಹಾಕಿದ್ದು ಯಾರು?”

“ಯಾರೂ ಹಾಕಿಲ್ಲ ಕಣಪ್ಪಾ. ದನ ನಡೆದ್ವು, ಅವುಗಳಿಂದೆ ನಾವು ನಡೆದ್ವಿ.”

“ಆ ನೇರ ದಾರೀಲಿ ಯಾಕೆ ಹೋಗಲ್ಲ ನೀವು?”

“ಅದು ನೀರಿನ ದಾರಿ ಆಗೋಯ್ತಲ್ಲಪ್ಪಾ. ನೀರು ಹಿಡಿದ ದಾರೀನ ನಾವು ಬಿಟ್ಬಿಡಬೇಕು.”

*

ಗುಡ್ಡಸಾಲಿನ ಬೆನ್ನ ಮೇಲೆ ಸ್ವಲ್ಪ ದೂರ ಹಾದಿ ಮಟ್ಟಸವಾಗಿದೆ. ಪೆಡಲ್ ತುಳಿಯುವ ಕಾಲಿಗೆ ಏರಿಳಿತವೇ ಗೊತ್ತಾಗುವುದಿಲ್ಲ. ಈ ಸೀಮೆಯ ಬೆಟ್ಟಗಳಿಂದ ಅರ್ಕಾವತಿ ಹೊರಡುತ್ತದೆ, ಉತ್ತರ ಪಿನಾಕಿನಿ ಹೊರಡುತ್ತದೆ, ದಕ್ಷಿಣ ಪಿನಾಕಿನಿಯೂ ಹೊರಡುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಉತ್ತರ ಪಿನಾಕಿನಿ ಆಂಧ್ರವನ್ನು ಸುತ್ತಿ ನೆಲ್ಲೂರಿನ ಕಡೆ ಕಡಲು ಕಾಣುತ್ತದೆ. ದಕ್ಷಿಣ ಪಿನಾಕಿನಿ ತಮಿಳುನಾಡನ್ನು ಹಾದು ಕಡಲೂರಿನ ಬಳಿ. ಅಕ್ಕಪಕ್ಕ ಬಿದ್ದ ಹನಿಗಳು ನೂರಾರು ಮೈಲಿ ದೂರದ ಬೇರೆ ಬೇರೆ ದಡಗಳಿಗೆ ಹೋಗುತ್ತವೆಂದರೆ ಅವು ಬೇರೆಯಾಗುವ ಗೆರೆ ಎಲ್ಲೋ ಇರಲೇಬೇಕು. ಸಾಲಿನಿಂದ ಸಾಲಿಗೆ ಸೈಕಲ್ ಅದನ್ನು ದಾಟುತ್ತಲೇ ಇರುತ್ತದೆ. ನೆಲದ ಮೇಲೆ ಅದರ ಗುರುತು ಮಾತ್ರ ಇಲ್ಲ. ಮಳೆ ಬರುತ್ತಿರುವಾಗ ನಿಂತು ನೋಡಿದರಷ್ಟೇ, ಗರಿಕೆಯ ಬುಡದಲ್ಲಿ ನೀರು ಯಾವ ಕಡೆಗೆ ಮನಸ್ಸು ಮಾಡುತ್ತದೆಂದು ಕಾಣುತ್ತದೆ.

*

ಏರುವಾಗ ಗಿಡ ಕಾಣುತ್ತವೆ, ಇಳಿಯುವಾಗ ನೆಲ ಮಾತ್ರ. ಬಂದರೆಯ ಕಾಯಿಗಳು ಕೆಂಪಾಗಿರುವುದು, ಕವಳೆಯ ಪೊದೆಯಲ್ಲಿ ಪಿಕಳಾರ ಇರುವುದು, ತಂಗಡಿ ಹಳದಿ ಹೂ ಬಿಟ್ಟಿರುವುದು, ಇವೆಲ್ಲ ಏರುವಾಗ ಕಂಡದ್ದು. ಉಸಿರು ಹತ್ತದ ಏರಿನಲ್ಲಿ ಕಣ್ಣಿಗೆ ಬಿಡುವು ಜಾಸ್ತಿ. ಹಾಗಾಗಿ ನನಗೆ ಏರೇ ಹೆಚ್ಚು ಇಷ್ಟ. ಜೊತೆಯ ಹುಡುಗರು ಇದನ್ನು ಒಪ್ಪುವುದಿಲ್ಲ.

*

ಬಂಡೆ ಓತಿಯ ಬಗ್ಗೆ ಬರೆದಿಡಲೇಬೇಕು.

ಇಲ್ಲಿಯ ಹಾಸುಬಂಡೆಗಳಿಗೆ 250 ಕೋಟಿ ವರ್ಷಗಳಿಗೂ ಹೆಚ್ಚು ವಯಸ್ಸು. ಅವುಗಳ ಮೇಲೆ ಸೈಕಲ್ ಹತ್ತಿಸುವುದೇ ಒಂದು ಆನಂದ. ಒಣಗಿದ ಬಂಡೆಯಷ್ಟು ಚೆನ್ನಾಗಿ ಟೈರನ್ನು ಹಿಡಿದುಕೊಳ್ಳುವ ನೆಲ ಬೇರೊಂದಿಲ್ಲ. ಬೇಸಿಗೆ ಮುಗಿದು ಮೊದಲ ಮಳೆಗಳು ಬೀಳುವ ಹೊತ್ತಿಗೆ ಗಂಡು ಓತಿಗಳು ಈ ಬಂಡೆಗಳ ತುದಿಯಲ್ಲಿ ಕೂರುತ್ತವೆ. ಬೆನ್ನು ಕೆಂಪು ಕಿತ್ತಳೆ, ಪಕ್ಕೆ ಕಪ್ಪು. ಹೆಣ್ಣು ಬಂಡೆಯದೇ ಬಣ್ಣ, ಕದಲದಿದ್ದರೆ ಕಾಣುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಓತಿಗಳ ಬೆನ್ನು ಹತ್ತಿ ಅಧ್ಯಯನ ಮಾಡಿದ್ದಾರೆ. ಗಂಡು ಹೆಣ್ಣಿನೆದುರು ತೋರುವ ಬಣ್ಣ ಒಂದು, ಎದುರಾಳಿ ಗಂಡಿನ ಮುಂದೆ ತೋರುವ ಬಣ್ಣ ಇನ್ನೊಂದು. ನಗರದೊಳಗಿನ ಗಂಡುಗಳ ಬಣ್ಣ ಹಳ್ಳಿಗಾಡಿನವುಗಳಿಗಿಂತ ಮಂದ ಎಂದೂ ಅವರು ಕಂಡುಕೊಂಡಿದ್ದಾರೆ.

ನನ್ನನ್ನು ಕಾಡುವುದು ಅದರ ಧೈರ್ಯ. ಸೈಕಲ್ ಉರುಳುತ್ತಿರುವವರೆಗೂ ಓತಿ ಕದಲುವುದಿಲ್ಲ. ಎರಡು ಮಾರು ದೂರದಲ್ಲಿ ಹಾದುಹೋದರೂ ತಲೆಯಷ್ಟೇ ತಿರುಗಿಸುತ್ತದೆ. ಬ್ರೇಕ್ ಹಿಡಿದು ಒಂದು ಕಾಲು ನೆಲಕ್ಕೆ ತಾಗಿಸಿದ ಗಳಿಗೆಗೇ ಬಿರುಕಿನೊಳಗೆ ಮಾಯ. ಅದಕ್ಕೆ ಸೈಕಲ್ಲಿನ ಮೇಲಿರುವಾಗ ನಾನು ಮನುಷ್ಯನಾಗಿ ಕಾಣುವುದಿಲ್ಲವೆ? ನೆಲಕ್ಕೆ ತಾಗಿದ ಹೆಜ್ಜೆಯ ಅದುರು ಬಂಡೆಯಲ್ಲಿ ಹೋಗಿ ಮುಟ್ಟುತ್ತದೆಯೆ? ಅಥವಾ, ಹಾದುಹೋಗುವುದಕ್ಕಿಂತ ನಿಲ್ಲುವುದೇ ಅದರ ಲೆಕ್ಕದಲ್ಲಿ ಬೇಟೆಯ ಲಕ್ಷಣವೆ? ಮೂರನೆಯದೇ ಸರಿಯಿರಬೇಕು ಎನ್ನಿಸುತ್ತದೆ. ಹಾವಾಗಲಿ ಗಿಡುಗವಾಗಲಿ ಮೇಲೆರಗುವ ಮೊದಲು ತನ್ನ ಚಲನೆಯನ್ನು ಬದಲಿಸುತ್ತದೆ.

ಕುರಿಗಳದು ಇದಕ್ಕೆ ತದ್ವಿರುದ್ಧ. ಸದ್ದು ಮಾಡುತ್ತ ಬರುವ ಮೋಟರ್ ಬೈಕಿಗೆ ಅವು ಜಗ್ಗುವುದಿಲ್ಲ. ಸದ್ದಿಲ್ಲದೆ ಬರುವ ಸೈಕಲ್ಲಿಗೆ ಮಂದೆ ಚೆಲ್ಲಾಪಿಲ್ಲಿ. ದೂರದಿಂದಲೇ ಗಂಟೆ ಬಾರಿಸಿದರೆ ಅಷ್ಟು ಗಾಬರಿಯಿಲ್ಲ, ತಲೆಯೆತ್ತಿ ನೋಡಿ ಮತ್ತೆ ಮೇಯುತ್ತವೆ. ಈಗಿನ ದುಬಾರಿ ಸೈಕಲ್‌ಗಳಲ್ಲಿ ಬಹಳಷ್ಟು ಗಂಟೆಯಿಲ್ಲದೆಯೇ ಅಂಗಡಿಯಿಂದ ಬರುತ್ತವೆ. ಮೊದಲು ಅದನ್ನು ಹಾಕಿಸಬೇಕು. ಚದುರಿದ ಮಂದೆಯನ್ನು ಮತ್ತೆ ಕೂಡಿಸುವುದಕ್ಕೆ ತಾತ ಎಷ್ಟು ಹೊತ್ತು ಕೂಗಬೇಕೆಂದು ನೋಡಿದವರು ಗಂಟೆಯ ತೂಕದ ಲೆಕ್ಕ ಹಾಕುವುದಿಲ್ಲ.

*

ಗೋಮಾಳದ ಹಾದಿಯಲ್ಲಿ ಟಿಟ್ಟಿಭದ ಮೊಟ್ಟೆ. ಗೂಡೆಂಬುದೇನೂ ಇಲ್ಲ, ನೆಲದಲ್ಲಿ ಒಂದು ತಗ್ಗು, ಸುತ್ತ ನಾಲ್ಕಾರು ಬೆಣಚುಕಲ್ಲು. ಮೊಟ್ಟೆಗೂ ಕಲ್ಲಿಗೂ ವ್ಯತ್ಯಾಸ ಹೇಳುವುದು ಕಷ್ಟ. ಹಕ್ಕಿಗಳೆರಡೂ ತಲೆಯ ಮೇಲೆ ಕೂಗುತ್ತ ಸುತ್ತಿದ್ದರಿಂದ ಮೊದಲೇ ತಿಳಿಯಿತು. ದೂರದಿಂದ ಬಳಸಿ ಹೋದೆವು. ಅಷ್ಟು ಬಯಲಿರುವಾಗ ತುಳಿದಾಡುವ ಹಾದಿಯ ಅಂಚನ್ನೇ ಯಾಕೆ ಆರಿಸುತ್ತದೆ? ಸವೆದ ನೆಲದಲ್ಲಿ ಹುಲ್ಲಿಲ್ಲ, ಹುಲ್ಲಿಲ್ಲದೆಡೆ ಬರುವವರು ದೂರದಿಂದಲೇ ಕಾಣುತ್ತಾರೆ ಎಂಬ ಕಾರಣಕ್ಕಿರಬಹುದು. ಹಾಗಾದರೆ ಹಾದಿ ಹಕ್ಕಿಗೂ ಬೇಕು. ಮಾರ್ಚ್‌ನಿಂದ ಮಳೆಗಾಲದ ನಡುವಿನವರೆಗೆ ಈ ಬಯಲಲ್ಲಿ ಸವೆದ ಹಾದಿ ಬಿಟ್ಟು ಚಕ್ರ ಹೊರಳಿಸಬಾರದು.

*

ನೀಲಗಿರಿ ತೋಪಿನೊಳಗಿನ ಹಾದಿ ಸವಾರರಿಗೆ ತುಂಬ ಪ್ರಿಯ. ಅಡ್ಡ ಪೊದೆಯಿಲ್ಲ, ಮುಳ್ಳಿಲ್ಲ, ಮರಗಳ ನಡುವೆ ಬಳುಕುತ್ತ ಹೋಗಬಹುದು. ಒಣ ಎಲೆಯ ಮೇಲೆ ತಿರುವಿನಲ್ಲಿ ಟೈರು ಜಾರುತ್ತದೆ, ಅಷ್ಟೆ. ನನಗೂ ಅಲ್ಲಿ ಓಡಿಸುವುದು ಇಷ್ಟ. ಆದರೆ ತೋಪಿನ ನಡುವೆ ನಿಂತರೆ ಹಕ್ಕಿಯ ದನಿ ತೀರ ಕಡಿಮೆ. ಹೊರಗಿನ ಹೊಂಗೆಯ ಸಾಲಿಗೆ ಬಂದರೆ ಏಪ್ರಿಲ್‌ನಲ್ಲಿ ಜೇನಿನ ಮೊರೆತ, ಕಾಜಾಣ, ಕಳ್ಳಿಪೀರ, ಕೆಂಬೂತ, ಎಲ್ಲವೂ.

ಈ ಮರ ನಮ್ಮ ದೇಶಕ್ಕೆ ಮೊದಲು ಬಂದದ್ದು ಇದೇ ನಂದಿಗೆ. 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ಆಸ್ಟ್ರೇಲಿಯದ ಬೀಜ ತರಿಸಿ ನಂದಿಬೆಟ್ಟದ ತೋಟದಲ್ಲಿ ನೆಡಿಸಿದ. ಅಲ್ಲಿಂದ ಹಬ್ಬಿದ ತಳಿಗೆ ಇಂದಿಗೂ ಅರಣ್ಯ ಶಾಸ್ತ್ರದವರು ಮೈಸೂರು ಗಮ್ ಎನ್ನುತ್ತಾರೆ. ಅಂತರ್ಜಲದ ಆತಂಕದಿಂದ 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆ ನಿರ್ಧಾರ ಸರಿ. ತೋಪು ಕಡಿದ ಮೇಲೆ ಅಲ್ಲಿ ಮತ್ತೆ ಬಂದರೆ, ಕಾರೆ, ಮುತ್ತುಗ ಬೆಳೆದರೆ ಸೈಕಲ್ಲಿನ ಹಾದಿ ಮುಳ್ಳಾಗುತ್ತದೆ, ಆಗಲಿ. ಕಷ್ಟವೇನೆಂದರೆ, ಕಡಿದ ಜಾಗದಲ್ಲಿ ಪೊದೆ ಬರುವ ಮೊದಲೇ ನಿವೇಶನದ ಕಲ್ಲು ಬರುತ್ತಿದೆ.

*

ಟಿಪ್ಪರ್ ಓಡಾಡುವ ಮಣ್ಣು ರಸ್ತೆಯಲ್ಲಿ ಸುಕ್ಕುಶೀಟಿನ ಹಾಗೆ ಅಲೆ ಎದ್ದಿದೆ. ನಿಧಾನ ಹೋದರೆ ಹಲ್ಲು ಕಟಕಟ. ವೇಗ ಹೆಚ್ಚಿಸಿದರೆ ಅಲೆಗಳ ತಲೆಯ ಮೇಲೆಯೇ ತೇಲಿಕೊಂಡು ಹೋದ ಅನುಭವ. ಲಾರಿಯ ಸ್ಪ್ರಿಂಗ್‌ಪಟ್ಟಿಗಳ ಕುಣಿತದಿಂದ ಈ ಅಲೆ ಏಳುತ್ತದೆಂದು ನಂಬಿದ್ದೆ. 2007ರಲ್ಲಿ ಟೊರಾಂಟೊ, ಕೇಂಬ್ರಿಜ್ ಮೊದಲಾದ ಕಡೆಯ ಭೌತವಿಜ್ಞಾನಿಗಳು ಮರಳಿನ ಮೇಲೆ ಒಂದು ಸಾದಾ ಚಕ್ರವನ್ನು ಸುತ್ತಿಸಿ ನೋಡಿದರು. ಸ್ಪ್ರಿಂಗ್ ಇರಲಿಲ್ಲ, ಗಾಳಿ ತುಂಬಿದ ಟೈರೂ ಇರಲಿಲ್ಲ. ಒಂದು ಮಿತಿಯ ವೇಗ ದಾಟಿದೊಡನೆ ಅಲೆ ತಾನಾಗಿ ಎದ್ದಿತು. ಆ ಮಿತಿಗಿಂತ ಕೆಳಗೆ ನೆಲ ಸಮತಟ್ಟಾಗಿಯೇ ಉಳಿಯಿತು. ಎತ್ತಿನ ಬಂಡಿಯ ದಾರಿಗಳಲ್ಲಿ ಆಳವಾದ ಗಾಲಿಜಾಡು ಇದ್ದರೂ ಈ ಅಲೆ ಯಾಕಿಲ್ಲ ಎಂಬ ನನ್ನ ಹಳೆಯ ಅನುಮಾನಕ್ಕೆ ಉತ್ತರ ಇಲ್ಲಿದೆ ಎಂದುಕೊಂಡಿದ್ದೇನೆ.

ಇನ್ನೂ ಮೂಲದ ಪ್ರಶ್ನೆಯೊಂದಿದೆ: ಸೈಕಲ್ ಬೀಳದೆ ನಿಲ್ಲುವುದು ಹೇಗೆ? ತಿರುಗುವ ಚಕ್ರದ ಗುಣದಿಂದ, ಮುಂದಿನ ಚಕ್ರ ನೆಲ ಮುಟ್ಟುವ ಜಾಗ ಹ್ಯಾಂಡಲ್ ತಿರುಗುವ ಅಕ್ಷಕ್ಕಿಂತ ಹಿಂದಿರುವುದರಿಂದ ಎಂದು ಪುಸ್ತಕಗಳಲ್ಲಿರುತ್ತಿತ್ತು. 2011ರಲ್ಲಿ ಹಾಲೆಂಡಿನ ಡೆಲ್ಫ್ಟ್ ಹಾಗೂ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಆ ಎರಡೂ ಗುಣಗಳನ್ನು ಇಲ್ಲವಾಗಿಸಿದ ಸೈಕಲ್ಲೊಂದನ್ನು ಮಾಡಿ ನೂಕಿ ಬಿಟ್ಟರು. ಅದೂ ಸವಾರನಿಲ್ಲದೆ ನೆಟ್ಟಗೆ ಹೋಯಿತು. ಬೀಳುವ ಕಡೆಗೆ ತಾನೇ ತಿರುಗಿಕೊಳ್ಳುವುದರಲ್ಲಿ ಗುಟ್ಟಿದೆ. ಬೀಳುವ ಕಡೆಗೆ ತಿರುಗು ಎಂದು ಸವಾರಿ ಕಲಿಸುವ ಅಣ್ಣಂದಿರು ಬೀದಿಯಲ್ಲಿ ಮೊದಲಿನಿಂದ ಹೇಳುತ್ತಲೇ ಬಂದಿದ್ದಾರೆ.

*

ನೆಗ್ಗಿಲು ಮುಳ್ಳು. ಹಳದಿ ಹೂವಿನ, ನೆಲಕ್ಕೆ ಅಂಟಿಕೊಂಡು ಹರಡುವ ಬಳ್ಳಿ. ಕಾಯಿ ಬಲಿತ ಮೇಲೆ ಐದು ಹೋಳಾಗುತ್ತದೆ. ಒಂದೊಂದು ಹೋಳಿನಲ್ಲೂ ಗಟ್ಟಿ ಮುಳ್ಳುಗಳು. ಹೇಗೆ ಬಿದ್ದರೂ ಒಂದು ಮೊನೆ ಮೇಲೆ. ಟ್ಯೂಬಿನ ಟೈರಿಗೆ ಚುಚ್ಚಿದರೆ ಸವಾರಿ ಅಲ್ಲಿಗೇ ನಿಂತಿತು. ಟ್ಯೂಬಿಲ್ಲದ ಟೈರಿನಲ್ಲಿ ಒಳಗಿನ ದ್ರವ ತೂತನ್ನು ಮುಚ್ಚುತ್ತದೆ, ಮುಳ್ಳು ಅಲ್ಲೇ ಉಳಿದು ಮುಂದಿನ ಊರಿನವರೆಗೆ ಪ್ರಯಾಣ ಮಾಡುತ್ತದೆ. ಹಿಂದೆ ಕುರಿಯ ಗೊರಸಿನ ಸಂದಿಯಲ್ಲಿ ಊರೂರು ಸುತ್ತಿದ ಬೀಜ ಈಗ ರಬ್ಬರಿನ ಮೇಲೆ ಸುತ್ತುತ್ತಿದೆ.

ಮುಳ್ಳನ್ನು ಹೀಗೆ ಹೊತ್ತು ತಿರುಗುವ ಮೌಂಟನ್ ಬೈಕ್ ಹುಟ್ಟಿದ್ದು ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯಲ್ಲಿ. 1976ರಲ್ಲಿ ಅಲ್ಲಿಯ ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್‌ಗಳನ್ನು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸುವ ಪಂದ್ಯ ಶುರುಮಾಡಿದರು. ಇಳಿದು ಮುಗಿಯುವ ಹೊತ್ತಿಗೆ ಹಿಂದಿನ ಹಬ್ಬಿನೊಳಗಿನ ಬ್ರೇಕ್ ಕಾದು, ಗ್ರೀಸೆಲ್ಲ ಉರಿದುಹೋಗಿ, ಹೊಸದಾಗಿ ತುಂಬಬೇಕಾಗುತ್ತಿತ್ತು. ಮರುವರ್ಷ ಜೋ ಬ್ರೀಜ್ ಇಂಥ ದಾರಿಗೆಂದೇ ಫ್ರೇಮು ಕಟ್ಟಲು ಕೂತರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮೌಂಟನ್ ಬೈಕಿಂಗ್‌ಗೂ ಪದಕ. ಅದೇ ಕ್ಯಾಲಿಫೋರ್ನಿಯಕ್ಕೆ ನೆಗ್ಗಿಲೂ ಹೊರಗಿನಿಂದ ಹೋಗಿ ಪೀಡೆಯಾಗಿತ್ತು. ಅದನ್ನು ಹತೋಟಿಗೆ ತರಲು 1961ರಲ್ಲಿ ಅಮೆರಿಕದವರು ಆ ಗಿಡವನ್ನು ತಿನ್ನುವ ಎರಡು ಜಾತಿಯ ಮೂತಿಹುಳುಗಳನ್ನು ತಂದು ಬಿಟ್ಟರು. ಅವುಗಳ ಮೂಲ ನೆಲೆಗಳಲ್ಲಿ ಭಾರತವೂ ಒಂದು. ಹಾಗಿದ್ದರೆ ಇಲ್ಲಿಯ ನೆಗ್ಗಿಲಿನ ಮೇಲೂ ಆ ಹುಳು ಇರಬೇಕಲ್ಲ? ಪ್ರತಿ ಪಂಕ್ಚರ್‌ನಲ್ಲೂ ಬಳ್ಳಿಯ ಪಕ್ಕ ಕೂತು ಹುಡುಕುತ್ತಿರುತ್ತೇನೆ.

*

ಚಕ್ರ ಹಾದಿಯನ್ನು ಕೆಡಿಸುತ್ತದೆಯೆ? ನಡೆಯುವವರು ಕೆಡಿಸುತ್ತದೆ ಎನ್ನುತ್ತಾರೆ, ಸವಾರರು ಇಲ್ಲ ಎನ್ನುತ್ತಾರೆ. 1994ರಲ್ಲಿ ಪ್ರಕಟವಾದ ಅಮೆರಿಕದ ಮೊಂಟಾನಾ ಸಂಸ್ಥಾನದ ಒಂದು ಅಧ್ಯಯನದಲ್ಲಿ ಹಾದಿಗಳಿಗೆ ನೀರು ಸಿಂಪಡಿಸಿ, ಕುದುರೆ, ನಡಿಗೆಯವರು, ಸೈಕಲ್, ಮೋಟರ್ ಸೈಕಲ್ ನಾಲ್ಕನ್ನೂ ಓಡಾಡಿಸಿದರು. ಒದ್ದೆ ಹಾದಿಯಲ್ಲಿ ಗೊರಸು ಮತ್ತು ಪಾದ ಸಡಿಲಿಸಿದ ಮಣ್ಣು, ಚಕ್ರ ಸಡಿಲಿಸಿದ್ದಕ್ಕಿಂತ ಹೆಚ್ಚು. ಆದರೂ ಇದನ್ನು ಹಿಡಿದು ಸವಾರರು ಬೀಗುವಂತಿಲ್ಲ. ಪಾದದ ಗುರುತು ಬಿಡಿಬಿಡಿ. ಚಕ್ರದ ಗೆರೆ ಉದ್ದಕ್ಕೂ ಒಂದೇ, ನೀರು ಹಿಡಿದು ಹರಿಯಲು ಅನುಕೂಲ. ಇಳಿಜಾರಿನ ತಿರುವಿಗೆ ಮುಂಚೆ ಹಿಂದಿನ ಬ್ರೇಕನ್ನು ಗಟ್ಟಿ ಹಿಡಿದು ಚಕ್ರ ಎಳೆದೊಯ್ದ ಗುರುತು ಮುಂದಿನ ಮಳೆಗೆ ಕಾಲುವೆಯಾಗುವುದನ್ನು ನಾನೇ ನೋಡುತ್ತಿದ್ದೇನೆ. ಕೆಂಪುಮಣ್ಣು ಟೈರಿಗೆ ಹತ್ತುವಷ್ಟು ಒದ್ದೆಯಿದ್ದರೆ ಆ ದಿನ ಡಾಂಬರಿನಲ್ಲೇ ಹೋಗಬೇಕು. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ.

ತಾತನಿಗೆ ಇದರಲ್ಲಿ ಆಸಕ್ತಿಯಿರಲಿಲ್ಲ. ಅವರ ಚಿಂತೆ ಬೇರೆ. “ಮೊದಲು ಊರಲ್ಲಿ ಮನೆಮನೇಲೂ ದನ ಇದ್ವು. ಈಗ ಸೀಮೆಹಸ, ಕೊಟ್ಟಿಗೇಲೆ ಕಟ್ತಾರೆ. ಕುರಿ ನಮ್ಮದೊಂದು ಮಂದೆ. ನೀವು ಸೈಕಲ್ನೋರು ಬರ್ದೇ ಹೋದ್ರೆ ಆಕಡೆ ದಾರಿ ಲಂಟಾನ ನುಂಗಾಕ್ತದೆ.”

ಇದು ನನ್ನ ಎಲ್ಲ ಒಗಟುಗಳಿಗಿಂತ ದೊಡ್ಡದು. ದನ ಹಾಕಿದ ಹಾದಿ, ದನ ಹೋದ ಮೇಲೆ, ಬೆಂಗಳೂರಿನಿಂದ ಭಾನುವಾರ ಬರುವ ಚಕ್ರಗಳಿಂದ ಉಳಿದಿದೆ.

*

ಹಾದಿಗೆ ಲಂಟಾನಕ್ಕಿಂತ ಬೇಲಿಯ ಭಯ ಹೆಚ್ಚು. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ದೇವನಹಳ್ಳಿಯ ಸುತ್ತ ದ್ರಾಕ್ಷಿ ತೋಟ, ಚಕ್ಕೋತದ ಮರ, ರಾಗಿಹೊಲ ಎಲ್ಲ ಬಡಾವಣೆಯಾಗುತ್ತ ಬಂದಿವೆ. ನಿನ್ನೆ ಹಾದುಹೋದ ಕಡೆ ಇಂದು ಕಲ್ಲುಕಂಬ, ನಾಳೆ ಕಾಂಪೌಂಡ್. ಬೆಟ್ಟಕ್ಕೆ ಹೋಗುವ ಬಂಡಿದಾರಿಯೊಂದರ ಬಾಯಿಗೆ ಗೇಟು ಬಿದ್ದಿದೆ. ಕಾವಲುಗಾರ ಒಳ್ಳೆಯ ಹುಡುಗ, “ನಂಗೇನ್ ಗೊತ್ತು ಸಾರ್, ಬಿಡಬೇಡ ಅಂದಿದಾರೆ” ಎಂದ.

ಆ ಊರಿನ ಗ್ರಾಮ ನಕಾಶೆ ತೆಗೆದು ನೋಡಿದೆ. ಸರ್ವೆ ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಕಾಶೆಯಲ್ಲಿ ಜೋಡಿ ತುಂಡುಗೆರೆ ಬಂಡಿದಾರಿ, ಒಂಟಿ ತುಂಡುಗೆರೆ ಕಾಲುದಾರಿ. ಗೇಟು ಬಿದ್ದಿರುವುದು ಜೋಡಿ ಗೆರೆಯ ಮೇಲೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿಗಳು ಸರ್ಕಾರದ ಸ್ವತ್ತು. ನಕಾಶೆಯಲ್ಲಿ ಇಲ್ಲದ ದಾರಿಗೂ 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ಒಂದು ಆಸರೆಯಿದೆ: ಇಪ್ಪತ್ತು ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕೆಂದು ಓಡಾಡಿದವರಿಗೆ ಓಡಾಟದ ಹಕ್ಕು ಹುಟ್ಟುತ್ತದೆ. ಆ ಹಕ್ಕು ಭಾನುವಾರದ ಸವಾರನಿಗೆ ಸಲ್ಲುವಂಥದ್ದಲ್ಲ, ಅಲ್ಲಿ ಹೊಲ ಇರುವ ರೈತನದು. ಬಂಡಿದಾರಿ ಉಳಿಯಬೇಕಾದ್ದು ಮೊದಲು ಅವನಿಗಾಗಿ, ತಾತನ ಕುರಿಗಾಗಿ. ನಮ್ಮ ಸಂತೋಷ ಅದರ ಬೆನ್ನಿಗೆ ಬರುವಂಥದ್ದು. ಅರಣ್ಯದ ಗಡಿಯೊಳಗಿನ ಹಾದಿಗಳ ಮಾತು ಬೇರೆ. ಅಲ್ಲಿ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬಾರದು.

ನಿಮ್ಮೂರ ಬಳಿ ನೀವು ಸೈಕಲ್ ಹೊಡೆಯುವ, ನಡೆಯುವ ಹಾದಿ ಇದ್ದರೆ ಆ ಗ್ರಾಮದ ನಕಾಶೆ ಇಳಿಸಿಕೊಂಡು, ಗೆರೆ ಯಾವ ಸರ್ವೆ ನಂಬರುಗಳ ನಡುವೆ ಹೋಗುತ್ತದೆಂದು ಗುರುತು ಮಾಡಿಟ್ಟುಕೊಳ್ಳಿ. ಅಲ್ಲಿ ದನ ಕುರಿ ಹೊಡೆದುಕೊಂಡು ಓಡಾಡುವವರನ್ನು ಮಾತಾಡಿಸಿ. ಬೇಲಿ ಬಿದ್ದರೆ ಅವರನ್ನು ಮುಂದಿಟ್ಟುಕೊಂಡು, ನಕಾಶೆಯ ಪ್ರತಿ ಲಗತ್ತಿಸಿ, ತಹಶೀಲ್ದಾರರಿಗೆ ಅರ್ಜಿ ಕೊಡಿ. ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ. ನಾವು ಆ ಬಂಡಿದಾರಿಯ ಅರ್ಜಿ ಕೊಟ್ಟಿದ್ದೇವೆ. ಮೊದಲ ಸಹಿ ತಾತನದು.